ಹೊಸ ಮನೆ: ಬಳಸುವ ಕ್ರಮ

ಕನಕಪುರ ರಸ್ತೆಯ ಗೇಟೆಡ್ ಬಡಾವಣೆಯಲ್ಲಿ ಫ್ಲ್ಯಾಟೋ ವಿಲ್ಲಾನೋ ಕೊಂಡು, ಗೃಹಪ್ರವೇಶಕ್ಕೆ ಕಬ್ಬಾಳು, ಸಾತನೂರು ಕಡೆಯ ನೆಂಟರನ್ನು ಕರೆಯಲು ಹೊರಟಿರುವವರಿಗಾಗಿ ಈ ಕೈಪಿಡಿ. ಬೀಗದ ಕೈ ಸಿಗುವ ಮುಂಚೆಯೇ ಓದಿಕೊಳ್ಳಿ. ಸಿಕ್ಕ ಮೇಲೆ ಓದಿದರೆ ತಪ್ಪೇನಿಲ್ಲ, ಪ್ರಯೋಜನವೂ ಇಲ್ಲ; ಅಷ್ಟರಲ್ಲಿ ಸಹಿ ಬಿದ್ದಿರುತ್ತದೆ.

ಎದೆಗುಂದಬೇಡಿ. ಇರುವ ಜಾಗದಲ್ಲಿ ಒಂದು ಕಲ್ಲನ್ನೂ ಕದಲಿಸದೆ ಬಾಳುವುದು ನಮ್ಮ ಸೀಮೆಗೆ ಹೊಸದೇನಲ್ಲ. 1734ರಲ್ಲಿ ಮೈಸೂರಿನ ದಳವಾಯಿಗಳು ಚಾಮರಾಜ ಒಡೆಯರನ್ನು ಪಟ್ಟದಿಂದ ಇಳಿಸಿ ಕಬ್ಬಾಳದುರ್ಗದಲ್ಲಿ ಇರಿಸಿದರು; ದೊರೆ ಅಲ್ಲೇ ತೀರಿಕೊಂಡರು. ಹೈದರ್, ಟಿಪ್ಪು ಕಾಲದಲ್ಲೂ ಆ ಬೆಟ್ಟ ಸೆರೆಮನೆಯೇ. ಎತ್ತರದ ನೋಟ, ಹಗಲಿರುಳು ಕಾವಲು, ಹೊರಗಿನವರ ಕಾಟವಿಲ್ಲ: ಈಗಿನ ಜಾಹೀರಾತಿನಲ್ಲಿ ಹೇಳುವ ಸೌಲಭ್ಯಗಳೆಲ್ಲ ಇದ್ದವು. ಮೇಂಟೆನೆನ್ಸ್ ಶುಲ್ಕ ಮಾತ್ರ ಇರಲಿಲ್ಲ.

ಬಳಸುವ ಮುನ್ನ

ಕ್ರಯಪತ್ರದ ಹಿಂದೆ ಪಿನ್ ಹೊಡೆದ ಅನುಬಂಧವೊಂದು ಇರುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿ, ಫೋಟೊಗೆ ಮುಖ ಒಡ್ಡುವ ಗಡಿಬಿಡಿಯಲ್ಲಿ ಅದನ್ನು ಯಾರೂ ತಿರುವಿ ನೋಡುವುದಿಲ್ಲ. ಹೊರಗೋಡೆಗೆ ಬೇರೆ ಬಣ್ಣ ಬಳಿಯಕೂಡದು, ಬಾಲ್ಕನಿಗೆ ನಿಮ್ಮಿಷ್ಟದ ಗ್ರಿಲ್ ಕೂಡಿಸಕೂಡದು, ರಸ್ತೆಗೆ ಕಾಣುವಂತೆ ಬಟ್ಟೆ ಒಣಹಾಕಕೂಡದು, ಮುಂಬಾಗಿಲು ಬದಲಿಸಕೂಡದು, ತಾರಸಿಗೆ ಶೀಟು ಹೊದಿಸಕೂಡದು. ಎಷ್ಟು ವರ್ಷ ಎಂದು ಬರೆದಿಲ್ಲವಾದರೆ ಆಚಂದ್ರಾರ್ಕ ಎಂದೇ ತಿಳಿಯುವುದು. ಹಳೆಯ ಶಾಸನಗಳಲ್ಲಿ ದತ್ತಿಗೆ ಅಳುಪಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುತ್ತಿದ್ದ. ಅನುಬಂಧಕ್ಕೆ ಅಳುಪಿದವನಿಗೆ ದಂಡ, ದಂಡದ ಮೇಲೆ ಬಡ್ಡಿ, ಅದೂ ಸಾಲದೆ ನಿವಾಸಿಗಳ ವಾಟ್ಸ್ಆ್ಯಪ್ ಗ್ರೂಪು.

ಸಾಮಾನ್ಯವಾಗಿ ಕಂಡುಬರುವ ತೊಂದರೆ

ಊರಿನಿಂದ ಅವ್ವ ಬಂದ ದಿನ ಶುರುವಾಗುತ್ತದೆ.

"ಮಗ, ಇಲ್ಲೊಂದು ಗೂಟ ಹೊಡ್ಕೊಡು, ಟವಲ್ ಹಾಕ್ಕಳಕೆ."

"ಹೊಡಿಯಂಗಿಲ್ಲ ಕಣವ್ವ."

"ಹಿಂದ್ಗಡೆ ಒಂದು ಒಲೆ ಮಡಿಕಂಡ್ರೆ, ನೀರು ಕಾಯ್ಸಕೆ..."

"ಹೊಗೆ ಹಾಕಂಗಿಲ್ಲ."

"ಬಾಡ್ಗೆ ಮನೆ ಅಂತ ಮೊದ್ಲೇ ಹೇಳದಲ್ವೇನ್ಲಾ?"

ಇದಕ್ಕೆ ಕೈಪಿಡಿಯಲ್ಲಿ ಉತ್ತರವಿಲ್ಲ. ಮಾತು ಬದಲಿಸಿ, ಕ್ಲಬ್‌ಹೌಸ್ ತೋರಿಸಿಕೊಂಡು ಬನ್ನಿ.

ಅವ್ವ ಬಂದಿರುವುದು ವರ್ಷಕ್ಕೆ ನಾಲ್ಕಾರು ಸಲ ಮನೆಯೇ ರೂಪ ಬದಲಿಸುತ್ತಿದ್ದ ಊರಿನಿಂದ. ರೇಷ್ಮೆ ಹುಳು ಮನೆಯೊಳಗೇ ಇದ್ದ ಕಾಲದಲ್ಲಿ ಚಾಕಿ ಹುಳಕ್ಕೆ ಒಂದು ಮೂಲೆ ಸಾಕಿತ್ತು. ಒಂದೊಂದು ಜ್ವರ ಕಳೆದಂತೆ ತಟ್ಟೆಗಳು ಹೆಚ್ಚಿ, ನಾಲ್ಕನೇ ಜ್ವರ ಎದ್ದ ಮೇಲೆ ನಡುಮನೆಯೆಲ್ಲ ಹುಳುವಿನದು, ಮನೆಯವರು ಜಗಲಿಗೆ. ರಾತ್ರಿಯೆಲ್ಲ ಸೊಪ್ಪು ಮೇಯುವ ಸದ್ದು, ಸೋನೆ ಹಿಡಿದ ಹಾಗೆ. ಹುಳು ಹಣ್ಣಾದರೆ ಚಂದ್ರಿಕೆಗಳು ಗೋಡೆಗೆ ಒರಗುತ್ತಿದ್ದವು; ಗೂಡು ರಾಮನಗರದ ಮಾರುಕಟ್ಟೆಗೆ ಹೋದ ಮೇಲೆ ಮನೆ ಮತ್ತೆ ಮನುಷ್ಯರ ಪಾಲು. ಗಾಳಿ ಸಾಲದಿದ್ದರೆ ಗೋಡೆಗೆ ಕಿಂಡಿ ಕೊರೆದರು. ಮಗನಿಗೆ ಮದುವೆಯಾದರೆ ಹಿಂದಕ್ಕೊಂದು ಕೋಣೆ ಇಳಿಸಿದರು. ಅಣ್ಣತಮ್ಮಂದಿರು ಬೇರೆಯಾದರೆ ನಡುಮನೆಗೆ ಅಡ್ಡಗೋಡೆ, ಬೀದಿಗೆ ಎರಡನೇ ಬಾಗಿಲು.

ಕಟ್ಟಳೆ ಅಲ್ಲೂ ಇತ್ತು. ಪಾಲುಪಟ್ಟಿಯಲ್ಲಿ ಚೆಕ್ಕುಬಂದಿಯ ಜೊತೆಗೆ ನಡುಗೋಡೆ ಯಾರದು, ಸೂರಿನ ನೀರು ಯಾವ ಕಡೆ ಬೀಳಬೇಕು, ಹಿತ್ತಿಲಿಗೆ ಹೋಗುವ ದಾರಿ ಯಾವುದು ಎಂದೆಲ್ಲ ಬರೆಸುತ್ತಿದ್ದರು. ಸೂರಿನ ನೀರಿಗಾಗಿ ಕೋರ್ಟಿನ ಮೆಟ್ಟಿಲು ಹತ್ತಿದ ದಾಯಾದಿಗಳಿಗೇನೂ ಬರವಿಲ್ಲ. ಆದರೆ ಬರೆಸಿದವರೂ ಅನುಭವಿಸುವವರೂ ಒಂದೇ ಬೀದಿಯವರು. ನಮ್ಮ ಅನುಬಂಧ ಬರೆದವರು ಕೊನೆಯ ಫ್ಲ್ಯಾಟು ಮಾರಿದ ಮಾರನೇ ದಿನ ಮುಂದಿನ ಬಡಾವಣೆಯ ಭೂಮಿಪೂಜೆಯಲ್ಲಿರುತ್ತಾರೆ.

ಬೇಡಗಳನ್ನು ವಿಂಗಡಿಸುವ ವಿಧಾನ

ಅನುಬಂಧವನ್ನೂ ಒಂದು ಪೆನ್ಸಿಲನ್ನೂ ತೆಗೆದುಕೊಳ್ಳಿ. ಪ್ರತಿ ಸಾಲಿಗೂ ಒಂದೇ ಪ್ರಶ್ನೆ: ಇದನ್ನು ಮೀರಿದರೆ ಪೆಟ್ಟು ಬೀಳುವುದು ಕಟ್ಟಡಕ್ಕೋ, ಬ್ರೋಷರಿಗೋ?

ಕಟ್ಟಡಕ್ಕೆ ಎಂದಾದರೆ ಹುಡುಗಾಟ ಬೇಡ. ಈಚಿನ ಅನೇಕ ಅಪಾರ್ಟ್‌ಮೆಂಟುಗಳಲ್ಲಿ ಇಟ್ಟಿಗೆ ಗೋಡೆಯೇ ಇಲ್ಲ. ಅಲ್ಯೂಮಿನಿಯಂ ಅಚ್ಚು ನಿಲ್ಲಿಸಿ ಗೋಡೆ, ತಾರಸಿ ಎಲ್ಲವನ್ನೂ ಕಾಂಕ್ರೀಟಿನಲ್ಲಿ ಒಟ್ಟಿಗೇ ಎರಕ ಹೊಯ್ದಿರುತ್ತಾರೆ. ಮೈವಾನ್ ಅನ್ನುವುದು ಇದಕ್ಕೇ. ಅಲ್ಲಿ ಗೋಡೆಯೇ ಭಾರ ಹೊರುತ್ತದೆ. ವೈರಿನ ಪೈಪಿಗೆಂದು ಕೊರೆಯಲು ಹೋದರೆ ಒಳಗಿನ ಕಬ್ಬಿಣ ತುಂಡಾಗುತ್ತದೆ. ಕಂಬ ಎಬ್ಬಿಸಿ, ತೊಲೆ ಕೂರಿಸಿ, ನಡುವೆ ಬ್ಲಾಕ್ ತುಂಬಿದ ಕಟ್ಟಡವಾದರೆ ಒಳಗೋಡೆ ತೆಗೆಯಲು ಬರಬಹುದು. ಅದನ್ನೂ ಸ್ಟ್ರಕ್ಚರಲ್ ಇಂಜಿನಿಯರ್ ನಕ್ಷೆ ನೋಡಿಯೇ ಹೇಳಬೇಕು. ಗೆಣ್ಣಿನಿಂದ ಗೋಡೆ ಕುಟ್ಟಿ "ಏನೂ ಆಗಲ್ಲ ಬಿಡಿ ಸಾರ್" ಅನ್ನುವ ಮೇಸ್ತ್ರಿಯ ಮಾತಿಗೆ ಸೊಪ್ಪು ಹಾಕಬೇಡಿ. ಬಚ್ಚಲು ಜರುಗಿಸುವುದೂ ಇದೇ ಲೆಕ್ಕಕ್ಕೆ ಬರುತ್ತದೆ: ಅದು ಹೋಗಿ ಕೆಳಗಿನವರ ದೇವರ ಮನೆಯ ನೆತ್ತಿಯ ಮೇಲೆ ಕೂತೀತು. ಫ್ಲ್ಯಾಟುಗಳಿಗೆ ಅನ್ವಯಿಸುವ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯೂ ಕಟ್ಟಡದ ಭದ್ರತೆಗೆ ಧಕ್ಕೆ ತರುವ ಕೆಲಸಕ್ಕೆ ಉಳಿದೆಲ್ಲ ಮಾಲೀಕರ ಒಪ್ಪಿಗೆ ಕೇಳುತ್ತದೆ. ಎಲ್ಲ ಅಂದರೆ ಎಲ್ಲ. ಬಾಡಿಗೆಗೆ ಕೊಟ್ಟು ದುಬೈನಲ್ಲಿ ಕೂತವರೂ.

ಉಳಿದವು ಬ್ರೋಷರಿನ ಬೇಡಗಳು: ಗ್ರಿಲ್ಲಿನ ಬಣ್ಣ, ಬಟ್ಟೆಯ ತಂತಿ, ಬಾಗಿಲ ಕೆತ್ತನೆ. ಇನ್ನೂ ಮಾರಾಟವಾಗದ ಮನೆಗಳ ರೇಟು ಕಾಯುವುದಷ್ಟೇ ಇವುಗಳ ಕೆಲಸ. ಗ್ರಿಲ್ಲಿನ ವಿಚಾರದಲ್ಲಂತೂ ಹಟ ಹಿಡಿಯಿರಿ. ಅಂಬೆಗಾಲಿಡುವ ಮಗು ಇರುವ ಮನೆಗೆ ಹೊರನೋಟದ ಅಂದ ಬೋಧಿಸುವವರ ಜೊತೆ ನಯವಾಗಿ ಮಾತಾಡುವ ಅಗತ್ಯ ನನಗಂತೂ ಕಾಣುವುದಿಲ್ಲ.

ಈ ಬೇಡಗಳಿಗೆ ಕಾನೂನಿನ ಬಲ ಎಷ್ಟು? ಬೇರು ಲಂಡನ್ನಿನಲ್ಲಿದೆ. ಲೀಸೆಸ್ಟರ್ ಚೌಕದ ತೋಟವನ್ನು 1808ರಲ್ಲಿ ಮಾರುವಾಗ ಟಲ್ಕ್ ಎಂಬಾತ ಅಲ್ಲಿ ಏನನ್ನೂ ಕಟ್ಟಬಾರದೆಂದು ಬರೆಸಿದ್ದ. ತೋಟ ಕೈಯಿಂದ ಕೈಗೆ ದಾಟಿ ಮಾಕ್ಸ್‌ಹೇ ಎಂಬವನಿಗೆ ಬಂತು. ಷರತ್ತು ಗೊತ್ತಿದ್ದೂ ಕೊಂಡವನು ಅದನ್ನು ಪಾಲಿಸಲೇಬೇಕೆಂದು 1848ರಲ್ಲಿ ತೀರ್ಪಾಯಿತು. ನಮ್ಮ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 40ನೇ ಕಲಮಿನಲ್ಲಿ ಇದೇ ನ್ಯಾಯವಿದೆ. ಅದೇ ಕಾಯ್ದೆಯ 11ನೇ ಕಲಮು ಮಾತ್ರ ನಮ್ಮ ಕಡೆಗೂ ಒಂದಿಷ್ಟು ವಾಲುತ್ತದೆ: ಪೂರ್ತಿಯಾಗಿ ಮಾರಿದ ಮೇಲೆ ಹೀಗೇ ಅನುಭವಿಸು ಎಂದು ಹೇಳುವ ಹಕ್ಕು ಮಾರಿದವನಿಗಿಲ್ಲ, ತನ್ನದೇ ಇನ್ನೊಂದು ಆಸ್ತಿಯ ಅನುಕೂಲಕ್ಕೆ ಹಾಕಿದ ಷರತ್ತಾದರೆ ಬೇರೆ ಮಾತು. ಅಕ್ಕಪಕ್ಕದಲ್ಲಿ ಏನನ್ನೂ ಉಳಿಸಿಕೊಳ್ಳದ ಬಿಲ್ಡರ್ ನಿಮ್ಮ ಬಾಗಿಲ ಬಣ್ಣ ಕೆದಕಿದರೆ ಈ ಕಲಮನ್ನು ವಕೀಲರ ಮುಂದಿಡಿ. ಅಸೋಸಿಯೇಷನ್ನಿನ ಬೈಲಾ ಕಥೆ ಬೇರೆ. ಅದು ಸಂಘದ್ದೇ ಆದ್ದರಿಂದ ಸಭೆಯಲ್ಲಿ ತಿದ್ದಿಸಬಹುದು. ಸಭೆಗೆ ಹೋಗಬೇಕು, ಸಮೋಸ ಮುಗಿದ ಮೇಲೂ ಕೂತಿರಬೇಕು.

ದೋಷ ಕಂಡುಬಂದಲ್ಲಿ

2016ರ ರೇರಾ ಕಾಯ್ದೆಯ 14ನೇ ಕಲಮಿನ ಪ್ರಕಾರ ಸ್ವಾಧೀನ ಕೊಟ್ಟ 5 ವರ್ಷದೊಳಗೆ ಕಟ್ಟಡದಲ್ಲಿ ದೋಷ ತೋರಿಸಿದರೆ ಬಿಲ್ಡರ್ 30 ದಿನದಲ್ಲಿ, ನಿಮ್ಮಿಂದ ಕಾಸು ಕೇಳದೆ, ಸರಿಪಡಿಸಬೇಕು. ಆಗ "ನೀವು ಮೊಳೆ ಹೊಡೆದಿದ್ದೀರಲ್ಲ" ಎಂಬ ರಾಗ ಬರಬಹುದು. ಆದ್ದರಿಂದ ಮೊದಲು ಗೋಡೆಯ ಫೋಟೊ, ಆಮೇಲೆ ಮೊಳೆ. ಮಂಜೂರಾದ ನಕ್ಷೆ ಬದಲಿಸಲು ಬಿಲ್ಡರ್ ಕೂಡ ಕೊಂಡವರಲ್ಲಿ ಮೂರನೇ ಎರಡು ಪಾಲು ಜನರ ಲಿಖಿತ ಒಪ್ಪಿಗೆ ಪಡೆಯಬೇಕೆಂದು ಇದೇ ಕಲಮು ಹೇಳುತ್ತದೆ. ಅನುಬಂಧದಲ್ಲಿ ಈ ಬೇಡ ಅಚ್ಚಾಗಿರುವುದಿಲ್ಲ, ನೀವೇ ಬರೆದಿಟ್ಟುಕೊಳ್ಳಿ. ಆ ಒಪ್ಪಿಗೆಯನ್ನು ನಿಮ್ಮಿಂದ ಮುಂಗಡವಾಗಿಯೇ ಬರೆಸಿಕೊಂಡಿದ್ದಾರೆಯೇ ಎಂಬುದನ್ನೂ ನೋಡಿ.

ಅರ್ಜಿಯ ಮಾದರಿ

ಇವರಿಗೆ, ಅಧ್ಯಕ್ಷರು, ನಿವಾಸಿಗಳ ಸಂಘ. ಮಾನ್ಯರೇ,

ವಿಷಯ: ಮುಂಬಾಗಿಲಿಗೆ ಬೂದುಗುಂಬಳಕಾಯಿ ಕಟ್ಟಲು ಕೊಕ್ಕೆ ಒಂದನ್ನು ಹಾಕಿಕೊಳ್ಳುವ ಬಗ್ಗೆ.

ಸದರಿ ಕೊಕ್ಕೆಯನ್ನು ಮರದ ಚೌಕಟ್ಟಿಗೆ ಮಾತ್ರ ಹಾಕಲಾಗುವುದು, ಕಾಂಕ್ರೀಟು ಮುಟ್ಟುವುದಿಲ್ಲ. ಕಾಯಿಯ ಮೇಲಿನ ಬೂದಿ ಬಣ್ಣ ತಾವು ಒಪ್ಪಿರುವ ಹೊರಗೋಡೆಯ ಬಣ್ಣಕ್ಕೆ ಬಹುಮಟ್ಟಿಗೆ ಹೊಂದುತ್ತದೆ. ಕಾಯಿ ಕೊಳೆತು ಬಿದ್ದಲ್ಲಿ ಕಾರಿಡಾರ್ ತೊಳೆಸುವ ಖರ್ಚು ನನ್ನದು. ಬರುವ ಅಮಾವಾಸ್ಯೆಯೊಳಗೆ ತಮ್ಮಿಂದ ಉತ್ತರ ಬಾರದಿದ್ದರೆ ಒಪ್ಪಿಗೆಯಿದೆ ಎಂದು ಭಾವಿಸಿ ಕಟ್ಟಿಕೊಳ್ಳುತ್ತೇನೆ.

ಲಗತ್ತು: ಬಣ್ಣದ ಮಾದರಿಗಾಗಿ ಕುಂಬಳಕಾಯಿ 1, ಪರಿಶೀಲನೆಯ ನಂತರ ಹಿಂದಿರುಗಿಸತಕ್ಕದ್ದು.