ಆಮ್ರಭಕ್ಷಕ ಲಕ್ಷಣ ಮೀಮಾಂಸೆ

ಯಾವ ಶಾಸ್ತ್ರ ಬರೆಯುವುದಾದರೂ ಮೊದಲು ನಾಲ್ಕು ಸಂಗತಿ ಹೇಳಿಬಿಡಬೇಕೆಂಬುದು ಹಿಂದಿನವರ ಕಟ್ಟಳೆ: ವಿಷಯ ಯಾವುದು, ಪ್ರಯೋಜನ ಏನು, ಎರಡಕ್ಕೂ ಸಂಬಂಧವೇನು, ಓದಲು ಅಧಿಕಾರಿ ಯಾರು. ಈ ಶಾಸ್ತ್ರದ ವಿಷಯ ಮಾವು ತಿನ್ನುವವರು. ಪ್ರಯೋಜನ ಅವರ ಆರೋಗ್ಯ. ಎರಡಕ್ಕೂ ಸಂಬಂಧ ಉಂಟೋ ಇಲ್ಲವೋ ಎಂಬುದೇ ಇಲ್ಲಿನ ಚರ್ಚೆ. ಅಧಿಕಾರಿ ಯಾರೆಂದರೆ, ಏಪ್ರಿಲ್‌ನಿಂದ ಜುಲೈವರೆಗೆ ಮನೆಯಲ್ಲಿ ಹಣ್ಣಿನ ಬುಟ್ಟಿ ಎಲ್ಲಿದೆಯೆಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲ ಯಾರಾದರೂ ಸರಿ.

ಹಣ್ಣುಗಳ ವರ್ಗೀಕರಣ ಬೇಕಾದಷ್ಟು ಆಗಿದೆ. ಬಾದಾಮಿ, ರಸಪುರಿ, ಸೇಂದೂರ, ಮಲಗೋವಾ, ಮಲ್ಲಿಕಾ, ನೀಲಂ ಎಂದು ಶ್ರೀನಿವಾಸಪುರದ ಮಂಡಿಯಲ್ಲಿ ಕೂಲಿಗೆ ಬಂದ ಹುಡುಗನೂ ಮೂಗಿನಿಂದಲೇ ಬೇರೆ ಮಾಡುತ್ತಾನೆ. ಬೆಂಗಳೂರಿನ ಬಾದಾಮಿ ಧಾರವಾಡಕ್ಕೆ ಹೋದರೆ ಆಪೂಸ್ ಆಗುತ್ತದೆ ಎಂಬುದೂ ಹೊಸ ಸುದ್ದಿಯಲ್ಲ. ಅಂಕೋಲೆಯ ಕರಿ ಈಶಾಡಿಗೂ ಮಲೆನಾಡಿನ ಅಪ್ಪೆಮಿಡಿಗೂ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಅದೂ ಸಾಲದೆಂದು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬಾದಾಮಿಗೂ ಬೈಗನ್‌ಪಲ್ಲಿಗೂ ಸಂಬಂಧ ಕುದುರಿಸಿ ಅರ್ಕಾ ಅರುಣ, ಅರ್ಕಾ ಪುನೀತ್ ಎಂಬ ಮಕ್ಕಳನ್ನೂ ಪಡೆದಿದ್ದಾರೆ. ಆದರೆ ತಿನ್ನುವವರನ್ನು ವಿಂಗಡಿಸುವ ಗೋಜಿಗೆ ಯಾರೂ ಹೋದಂತಿಲ್ಲ. ಇದು ಸಣ್ಣ ಲೋಪವಲ್ಲ. ಒಂದೇ ಕೊಂಬೆಯ ಎರಡು ಹಣ್ಣು ಇಬ್ಬರ ಹೊಟ್ಟೆ ಸೇರಿದ ಮೇಲೆ ಎರಡು ಬೇರೆ ಪದಾರ್ಥಗಳಾಗುತ್ತವೆ. ಮಾವಿನ ಗುಣದಲ್ಲಿ ಅರ್ಧ ಹಣ್ಣಿನದು, ಅರ್ಧ ತಿಂದವರದು. ಇದು ಸಿದ್ಧಾಂತ, ಮುಂದಿನದೆಲ್ಲ ವ್ಯಾಖ್ಯಾನ.

ಮೊದಲು ಪದಾರ್ಥ ನಿರ್ಣಯ. ನೂರು ಗ್ರಾಂ ಮಾಗಿದ ತಿರುಳಿನಲ್ಲಿ ಸುಮಾರು 83 ಗ್ರಾಂ ನೀರು. ಉಳಿದದ್ದರಲ್ಲಿ ಸಕ್ಕರೆ 14 ಗ್ರಾಂನಷ್ಟು, ನಾರು ಒಂದೂವರೆ ಗ್ರಾಂ ಚಿಲ್ಲರೆ, ಪ್ರೋಟೀನ್ ಒಂದು ಗ್ರಾಮೂ ಇಲ್ಲ. ಶಕ್ತಿ 60 ಕ್ಯಾಲೊರಿ. ಸಿ ಜೀವಸತ್ವ 36 ಮಿಲಿಗ್ರಾಂ, ಜೊತೆಗೆ ಒಂದಿಷ್ಟು ಫೋಲೇಟ್, ಒಂದಿಷ್ಟು ಪೊಟ್ಯಾಸಿಯಂ. ತಿರುಳಿಗೆ ಆ ಬಣ್ಣ ಕೊಡುವ ಬೀಟಾ ಕ್ಯಾರೊಟೀನ್ ನಮ್ಮ ಮೈಯೊಳಗೆ ಎ ಜೀವಸತ್ವವಾಗಿ ಕಣ್ಣಿಗೂ ಚರ್ಮಕ್ಕೂ ಆಗಿಬರುತ್ತದೆ. ತಳಿಯಿಂದ ತಳಿಗೆ ಈ ಲೆಕ್ಕ ಹೆಚ್ಚುಕಡಿಮೆ ಆಗುತ್ತದೆ. ಹಾಗಿದ್ದರೂ ಒಂದು ಮಾತು ಗಟ್ಟಿ: ವಯಸ್ಕ ಹೆಂಗಸಿಗೆ ದಿನಕ್ಕೆ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುವ ಸಿ ಜೀವಸತ್ವ 65 ಮಿಲಿಗ್ರಾಂ, ಗಂಡಸಿಗೆ 80. ಒಂದು ದೊಡ್ಡ ಹಣ್ಣು ಆ ಕೆಲಸದ ಬಹುಪಾಲನ್ನು ಮುಗಿಸುತ್ತದೆ. ಹಣ್ಣಿಗೆ ಇಷ್ಟು ಮರ್ಯಾದೆ ಸಾಕು.

ಸಾಲದು ಎನ್ನುವವರೇ ನಮ್ಮ ಮೊದಲ ವರ್ಗ, ಪ್ರಯೋಜನವಾಚಕರು. ಇವರು ತಿನ್ನುವುದಕ್ಕಿಂತ ಹೆಚ್ಚಾಗಿ ಓದಿ ಹೇಳುತ್ತಾರೆ. ಮದುವೆಮನೆಯಲ್ಲಿ ಸೀಕರಣೆ ಬಡಿಸುವ ಹೊತ್ತಿಗೆ ಮೊಬೈಲ್ ತೆಗೆದು, ಮಾವು ರಕ್ತ ಹೆಚ್ಚಿಸುತ್ತದೆ, ಕ್ಯಾನ್ಸರ್ ಓಡಿಸುತ್ತದೆ, ಕೂದಲು ಬೆಳೆಸುತ್ತದೆ, ನೆನಪಿನ ಶಕ್ತಿ ಕೊಡುತ್ತದೆ ಎಂದು ಪಾರಾಯಣ ಮಾಡುತ್ತಾರೆ. ಇದು ಪೂರ್ವಪಕ್ಷ. ಖಂಡನೆಗೆ ಒಂದು ಉದಾಹರಣೆ ಸಾಕು. ಮಾವಿನ ತಿರುಳಿನಲ್ಲಿ ಕಬ್ಬಿಣ ನೂರು ಗ್ರಾಂಗೆ 0.16 ಮಿಲಿಗ್ರಾಂ. ಹೆಂಗಸರಿಗೆ ದಿನಕ್ಕೆ ಬೇಕಾದದ್ದು 29 ಮಿಲಿಗ್ರಾಂ. ಬರೀ ಮಾವಿನಿಂದ ರಕ್ತ ಹೆಚ್ಚಿಸಿಕೊಳ್ಳಬೇಕೆಂದರೆ ದಿನಕ್ಕೆ 18 ಕಿಲೊ ತಿರುಳು ಇಳಿಸಬೇಕು. ಕ್ಯಾನ್ಸರಿನ ಮಾತಂತೂ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಮಾವಿನ ಸಾರದಿಂದ ನಡೆಸಿದ ಪರೀಕ್ಷೆಗಳದು. ಊಟದ ತಟ್ಟೆಯವರೆಗೆ ಅದಿನ್ನೂ ಬಂದಿಲ್ಲ. ರುಚಿಯಾದ ಹಣ್ಣಿಗೆ ಔಷಧಿಯ ವೇಷ ಹಾಕಿಸಿ ತಿನ್ನುವುದೇಕೋ ನನಗೆ ತಿಳಿಯದು. ಬಹುಶಃ ನಾಲ್ಕನೇ ಹಣ್ಣಿಗೆ ಕೈ ಹಾಕುವಾಗ ಮನೆಯವರಿಗೆ ಹೇಳಲು ಒಂದು ನೆಪ ಬೇಕಾಗುತ್ತದೆ.

ಎರಡನೆಯವರು ಕಾಯಿಪಕ್ಷದವರು. ಹಣ್ಣಾಗುವವರೆಗೆ ಕಾಯುವ ತಾಳ್ಮೆ ಇವರಿಗಿಲ್ಲ, ಕಾಯಲೇಬೇಕೆಂಬ ಶಾಸ್ತ್ರವೂ ಇಲ್ಲ. ಶಾಲೆಯ ಗೇಟಿನ ಮುಂದೆ ತಳ್ಳುಗಾಡಿಯಲ್ಲಿ ಗಿಣಿಮೂತಿ ಮಾವಿನಕಾಯಿಯನ್ನು ಹೂವಿನ ಹಾಗೆ ಸೀಳಿ ಉಪ್ಪು ಖಾರದಪುಡಿ ಸವರಿ ಕೊಡುತ್ತಾರಲ್ಲ, ಅಲ್ಲಿ ಈ ಪಂಥದ ದೀಕ್ಷೆ ನಡೆಯುತ್ತದೆ. ಹಲ್ಲು ಚುಳ್ಳೆಂದರೂ ಬಿಡುವುದಿಲ್ಲ. ವಿಜ್ಞಾನ ಇವರ ಕಡೆಗಿದೆ. ಕಾಯಿ ಮಾಗುತ್ತ ಹೋದಂತೆ ಪಿಷ್ಟ ಸಕ್ಕರೆಯಾಗುತ್ತದೆ, ಹುಳಿ ಇಳಿಯುತ್ತದೆ, ಕ್ಯಾರೊಟೀನ್ ಏರುತ್ತದೆ, ಸಿ ಜೀವಸತ್ವ ತಗ್ಗುತ್ತದೆ. ಅಂದರೆ ಸಿ ಬೇಕಾದವರು ಕಾಯಿಯ ಕಡೆ, ಎ ಬೇಕಾದವರು ಹಣ್ಣಿನ ಕಡೆ.

ಈ ಪಕ್ಷದ ಅತ್ಯುನ್ನತ ಗ್ರಂಥ ಯಾವುದೆಂದು ಕೇಳಿದರೆ ನಾನು ರಾಮನವಮಿಯ ಕೋಸಂಬರಿ ಎನ್ನುತ್ತೇನೆ. ಹೆಸರುಬೇಳೆಯನ್ನು ನೆನೆಸಿ, ನೀರು ಚೆನ್ನಾಗಿ ಬಸಿದು, ಅದಕ್ಕೆ ಮಾವಿನಕಾಯಿ ತುರಿ, ತೆಂಗಿನ ತುರಿ, ಕೊತ್ತಂಬರಿ ಸೊಪ್ಪು ಬೆರೆಸಿ, ಸಾಸಿವೆ ಇಂಗಿನ ಒಗ್ಗರಣೆ ಚುಂಯ್ ಎನ್ನಿಸಿ, ಉಪ್ಪನ್ನು ಬಡಿಸುವ ಹೊತ್ತಿಗೆ ಹಾಕಬೇಕು. ಮೊದಲೇ ಹಾಕಿದರೆ ನೀರು ಬಿಟ್ಟುಕೊಳ್ಳುತ್ತದೆ. ಬೇಳೆಯಲ್ಲಿರುವ ಕಬ್ಬಿಣವನ್ನು ನಮ್ಮ ಕರುಳು ಸುಲಭಕ್ಕೆ ಹೀರಿಕೊಳ್ಳುವುದಿಲ್ಲ. ಜೊತೆಗೆ ಸಿ ಜೀವಸತ್ವ ಇದ್ದರೆ ಹೀರಿಕೊಳ್ಳುತ್ತದೆ. ಸಿ ಬಿಸಿಗೆ ಹಾಳಾಗುವ ಸತ್ವ. ಕೋಸಂಬರಿಯಲ್ಲಿ ಮಾವಿನಕಾಯಿಗೆ ಬೆಂಕಿಯೇ ತಾಗುವುದಿಲ್ಲ. ಪ್ರಯೋಜನವಾಚಕರು ಹೇಳುವ ‘ರಕ್ತ ಹೆಚ್ಚುವ’ ಮಾತಿಗೆ ಎಲ್ಲಾದರೂ ಒಂದು ಎಳೆ ಆಧಾರ ಇದ್ದರೆ ಅದು ಈ ದೊನ್ನೆಯಲ್ಲಿದೆ, ಅದೂ ಬೇಳೆಯ ಪುಣ್ಯದಿಂದ. ಯುಗಾದಿಯ ಮಾವಿನಕಾಯಿ ಚಿತ್ರಾನ್ನ ಮಾಡುವವರು ತುರಿಯನ್ನು ಒಗ್ಗರಣೆಯಲ್ಲಿ ಬಾಡಿಸುವ ಬದಲು ಒಲೆ ಆರಿಸಿದ ಮೇಲೆ ಬೆರೆಸಿದರೆ ಸತ್ವವೂ ಉಳಿಯುತ್ತದೆ, ಘಮವೂ ಉಳಿಯುತ್ತದೆ.

ಕಾಯಿಪಕ್ಷದ ಒಂದು ಉಪಶಾಖೆ ಶಿರಸಿ, ಸಾಗರ, ರಿಪ್ಪನ್‌ಪೇಟೆ ಕಡೆಯ ಮಿಡಿವಾದಿಗಳು. ಉಪ್ಪಿನಲ್ಲಿ ಸುಕ್ಕುಗಟ್ಟಿದ ಅಪ್ಪೆಮಿಡಿಯ ತೊಟ್ಟು ಹಿಡಿದು ಕಚ್ಚಿ ಮೊಸರನ್ನದ ಮೇಲೆ ಸೊನೆಯ ಪರಿಮಳ ಹರಡುವವರೆಗೆ ಇವರಿಗೆ ಊಟ ಮುಗಿಯುವುದಿಲ್ಲ. ಮಧ್ಯಾಹ್ನಕ್ಕೆ ಅಪ್ಪೆಹುಳಿ ಬೇರೆ. ಅದನ್ನು ಕುಡಿದವರು ಜಗಲಿಯ ಮೇಲೆ ನಿದ್ದೆಹೋಗುವುದನ್ನು ಆ ಸೀಮೆಯವರು ಆರೋಗ್ಯಲಾಭಗಳ ಪಟ್ಟಿಯಲ್ಲೇ ಸೇರಿಸುತ್ತಾರೆ. ನಾವೂ ಸೇರಿಸೋಣ. ಆದರೆ ಉಪ್ಪಿನ ವಿಷಯದಲ್ಲಿ ಇವರೊಡನೆ ವಾದ ಬೇಡ, ರಕ್ತದೊತ್ತಡದ ಮಾತ್ರೆ ನುಂಗುವವರು ಒಂದು ಮಿಡಿಗೆ ನಿಲ್ಲಿಸುವುದು ಒಳ್ಳೆಯದು.

ಇನ್ನು ಹಣ್ಣಿನ ಪಕ್ಷ. ಇದರಲ್ಲಿ ಭೇದಗಳು ಹಲವು. ಹೀರುಕರು ರಸಪುರಿಯನ್ನು ಎರಡು ಅಂಗೈ ನಡುವೆ ಇಟ್ಟು ಮೆತ್ತಗೆ ಉರುಳಿಸಿ ಒಳಗೇ ರಸ ಮಾಡಿಕೊಳ್ಳುತ್ತಾರೆ. ಆಮೇಲೆ ತೊಟ್ಟಿನ ತುದಿ ಕಿತ್ತು ಮೊದಲ ನಾಲ್ಕು ಹನಿಯನ್ನು ಹೊರಗೆ ಹಿಂಡಿ ಚೆಲ್ಲುತ್ತಾರೆ. ಈ ಚೆಲ್ಲುವ ಶಾಸ್ತ್ರ ಬಹಳ ದೊಡ್ಡದು. ಮಾವು ಗೇರಿನ ಕುಟುಂಬದ ಮರ. ಹಿಂದೆ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರೂ ಇದೇ ಬಳಗದ್ದು. ತೊಟ್ಟಿನ ಸೊನೆಯಲ್ಲಿ ಆ ಬಳಗದ ಸುಡುವ ಗುಣ ಉಳಿದುಕೊಂಡಿದೆ. ಕೆಲವರಿಗೆ ತುಟಿಯ ಸುತ್ತ ಹುಣ್ಣೇಳುವುದು ಈ ಸೊನೆಯಿಂದ.

ಅದನ್ನೇ ‘ಉಷ್ಣ’ ಎಂದುಕೊಂಡು ಹೆದರುವವರು ಸಂಶಯವಾದಿಗಳು. ಇವರ ಮನೆಯಲ್ಲಿ ಹಣ್ಣು ತಾಸುಗಟ್ಟಲೆ ಬಕೆಟ್ ನೀರಿನಲ್ಲಿ ನೆನೆಯುತ್ತದೆ. ಉಷ್ಣ ನೀರಿಗಿಳಿಯಿತೋ ಇಲ್ಲವೋ, ಸೊನೆ, ಧೂಳು, ಮೇಲೆ ಹೊಡೆದ ಔಷಧಿಯ ಒಂದಂಶ ತೊಳೆದುಹೋಗುವುದು ಖಂಡಿತ. ಆದ್ದರಿಂದ ಕಾರಣ ತಪ್ಪಿದ್ದರೂ ಕಾರ್ಯ ಸರಿ. ಮನೆಯ ಅಜ್ಜಿಯ ಬಳಿ ಈ ಬಗ್ಗೆ ತರ್ಕ ಹೂಡದೆ ಬಕೆಟ್ ತುಂಬಿಸಿಕೊಡಿ.

ಸಂಶಯವಾದಿಗಳು ನಿಜವಾಗಿ ಸಂಶಯಪಡಬೇಕಾದದ್ದು ಬೇರೆ ಇದೆ. ತೇವ ತಾಗಿದರೆ ಅಸಿಟಿಲೀನ್ ಬಿಡುವ ಕ್ಯಾಲ್ಸಿಯಂ ಕಾರ್ಬೈಡ್‌ನ ಪೊಟ್ಟಣವನ್ನು ಬುಟ್ಟಿಯಲ್ಲಿಟ್ಟರೆ ಕಾಯಿ ಬೇಗ ಬಣ್ಣ ತಿರುಗುತ್ತದೆ. ಆ ಪುಡಿಯಲ್ಲಿ ಆರ್ಸೆನಿಕ್, ರಂಜಕದ ಕಲ್ಮಶ ಇರುವುದರಿಂದ 2011ರ ಆಹಾರ ಸುರಕ್ಷತೆಯ ನಿಯಮಗಳಲ್ಲೇ ಅದಕ್ಕೆ ನಿಷೇಧ ಇದೆ. ಎಥಿಲೀನ್ ಅನಿಲಕ್ಕೆ ಮಾತ್ರ ಮಿತಿಯೊಳಗೆ ಅನುಮತಿ, ಏಕೆಂದರೆ ಮಾಗುವಾಗ ಹಣ್ಣು ತಾನೇ ಬಿಡುವ ಅನಿಲ ಅದು. ಹುಲ್ಲಿನಲ್ಲಿ ಅಡೆ ಹಾಕಿದಾಗ ನಡೆಯುವುದೂ ಅದೇ: ಒಂದು ಹಣ್ಣಿನ ಉಸಿರಿಗೆ ಪಕ್ಕದ್ದು ಹಣ್ಣಾಗುತ್ತದೆ. ಮೈಯೆಲ್ಲ ಒಂದೇ ಸಮ ಹಳದಿ, ತೊಟ್ಟಿನ ಬಳಿ ಮೂಸಿದರೆ ವಾಸನೆಯೇ ಇಲ್ಲ, ಕೊಯ್ದರೆ ಒಳಗೆ ಬಿಳಿ ಬಿಳಿ ಹುಳಿ, ಇಂಥ ಹಣ್ಣು ಸಿಕ್ಕಿದರೆ ಗಾಡಿಯವನ ಮುಂದೆ ಸಂಕೋಚವಿಲ್ಲದೆ ಸಂಶಯಪಡಿ.

ಹೋಳುವಾದಿಗಳು ಚಾಕು, ತಟ್ಟೆ, ಮುಳ್ಳುಚಮಚ ಇಟ್ಟುಕೊಂಡು ಅಂಗಿಗೆ ಹನಿ ಬೀಳದಂತೆ ತಿನ್ನುವವರು. ಇವರ ಬಗ್ಗೆ ಹೇಳುವುದೇನೂ ಇಲ್ಲ. ಇವರು ಬಿಟ್ಟ ಓಟೆಯನ್ನು ಅಡುಗೆಮನೆಯ ಮೂಲೆಯಲ್ಲಿ ನಿಂತು ಚೀಪುವ ಓಟೆಚೀಪುಕರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ, ಸಾಮಾನ್ಯವಾಗಿ ಹಣ್ಣು ಹೆಚ್ಚಿಕೊಟ್ಟವರೇ. ನಾರು ಹೆಚ್ಚಿರುವುದು ಓಟೆಯ ಸುತ್ತ, ಆದ್ದರಿಂದ ಮಲಬದ್ಧತೆಯ ಗುಳಿಗೆ ಬೇಡದವರು ಮನೆಯಲ್ಲಿ ಇವರೊಬ್ಬರೇ ಆಗಿರುವ ಸಂಭವ ಉಂಟು.

ಸೀಕರಣೆ ಸಂಪ್ರದಾಯದವರು ಬೆಳಗಾವಿ, ಧಾರವಾಡ, ವಿಜಯಪುರದ ಕಡೆ ಬಲವಾಗಿದ್ದಾರೆ. ರಸ ಹಿಂಡಿ, ಹಾಲು ಏಲಕ್ಕಿ ಬೆರೆಸಿ, ಹೋಳಿಗೆಯ ಮೇಲೆ ತುಪ್ಪ ಸುರಿದು, ಹೋಳಿಗೆಯನ್ನು ಸೀಕರಣೆಯಲ್ಲಿ ಅದ್ದಿ ಉಣ್ಣುವುದು ಇವರ ಕ್ರಮ. ತೂಕ ನೋಡುವವರು ಈ ತಟ್ಟೆ ಕಂಡು ಕಣ್ಣು ಮುಚ್ಚುತ್ತಾರೆ. ಆದರೆ ಕ್ಯಾರೊಟೀನ್ ನೀರಿನಲ್ಲಿ ಕರಗುವುದಲ್ಲ, ಕೊಬ್ಬಿನಲ್ಲಿ ಕರಗುವುದು. ಖಾಲಿ ಹೊಟ್ಟೆಗೆ ಬರೀ ಹಣ್ಣು ತಿಂದವನಿಗಿಂತ ತುಪ್ಪದ ಜೊತೆ ತಿಂದವನಿಗೆ ಎ ಜೀವಸತ್ವ ಹೆಚ್ಚು ದಕ್ಕುತ್ತದೆ. ಒಂದು ಚಮಚ ತುಪ್ಪಕ್ಕೆ ಈ ಸಮರ್ಥನೆ ನಿಲ್ಲುತ್ತದೆ, ಸೌಟಿಗೆ ನಿಲ್ಲುವುದಿಲ್ಲ.

ಇಲ್ಲಿ ‘ಹಸಿದು ಹಲಸು, ಉಂಡು ಮಾವು’ ಎಂಬ ಗಾದೆಯ ವಿಚಾರ ಬರುತ್ತದೆ. ಊಟದ ಜಿಡ್ಡು ಕ್ಯಾರೊಟೀನಿಗೆ ದಾರಿ ಮಾಡಿಕೊಡುತ್ತದೆ, ಊಟದ ನಾರು, ಬೇಳೆ ಸಕ್ಕರೆಯ ಓಟಕ್ಕೆ ಕಡಿವಾಣ ಹಾಕುತ್ತವೆ, ಹೊಟ್ಟೆ ತುಂಬಿದವನು ಎರಡು ಹಣ್ಣಿಗೆ ನಿಲ್ಲುತ್ತಾನೆ. ಇಷ್ಟರಮಟ್ಟಿಗೆ ಗಾದೆ ನಿರ್ದುಷ್ಟ. ಗಾದೆ ಹುಟ್ಟಿದ ಕಾಲದಲ್ಲಿ ಉಂಡವನು ಎದ್ದು ಹೊಲಕ್ಕೆ ಹೋಗುತ್ತಿದ್ದ. ಈಗ ಸೋಫಾಕ್ಕೆ ಹೋಗುತ್ತಾನೆ. ಅದರಿಂದ ಹುಟ್ಟಿದ್ದು ಕೊನೆಯ ವರ್ಗ, ಮತ್ತು ಎಲ್ಲಕ್ಕಿಂತ ದೊಡ್ಡದು.

ಸಕ್ಕರೆಕಾಯಿಲೆಯವರು ಮೂರು ಬಗೆ: ಬಿಟ್ಟವರು, ಬಿಟ್ಟೆನೆಂದವರು, ಅಳೆದು ತಿನ್ನುವವರು. ಬಿಟ್ಟವರು ವಿರಳ. ಬಿಟ್ಟೆನೆಂದವರ ಲಕ್ಷಣ ಸಂಭಾಷಣೆಯಿಂದ ತಿಳಿಯುತ್ತದೆ.

“ರೀ, ಫ್ರಿಜ್ಜಲ್ಲಿ ನಾಲ್ಕು ಬಾದಾಮಿ ಇತ್ತು, ಈಗ ಮೂರೇ ಇದೆ.”

“ಮೊಮ್ಮಗ ತಿಂದಿರ್ತಾನೆ ಕಣೇ.”

“ಅವನು ಊರಿಗೆ ಹೋಗಿ ವಾರ ಆಯ್ತು.”

“ಹಾಗಾದ್ರೆ ನೀನೇ ಎಣಿಸೋದು ತಪ್ಪಿರ್ಬೇಕು.”

ಕದ್ದು ತಿನ್ನುವುದರಲ್ಲಿ ಎರಡು ಅಪಾಯ. ಕದ್ದವನು ಬೇಗ ಬೇಗ ನುಂಗುತ್ತಾನೆ, ಅದೂ ಊಟದ ಲೆಕ್ಕಕ್ಕೆ ಸೇರಿಸದೆ ನುಂಗುತ್ತಾನೆ. ಕಾಲು ಕಿಲೊ ತೂಗುವ ಬಾದಾಮಿಯಲ್ಲಿ ಸಿಪ್ಪೆ ಓಟೆ ಕಳೆದು ಸುಮಾರು 160 ಗ್ರಾಂ ತಿರುಳು ಸಿಕ್ಕಿತೆನ್ನಿ. ಅದರಲ್ಲಿ ಸಕ್ಕರೆ 22 ಗ್ರಾಂ, ಐದು ಟೀ ಚಮಚದಷ್ಟು. ಹಾಗೆಂದು ಮಾವು ವಿಷವಲ್ಲ. ಅದರ ಗ್ಲೈಸೆಮಿಕ್ ಸೂಚ್ಯಂಕ 50ರ ಆಸುಪಾಸು, ಬಿಳಿ ಅನ್ನದ್ದು ಸಾಮಾನ್ಯವಾಗಿ ಅದಕ್ಕಿಂತ ಮೇಲೆ. ಒಂದು ಮಾವಿನ ಪಿಷ್ಟ ಸಕ್ಕರೆಯ ಲೆಕ್ಕ ಸಣ್ಣ ಬಟ್ಟಲು ಅನ್ನದ ಲೆಕ್ಕಕ್ಕೆ ಹೆಚ್ಚುಕಡಿಮೆ ಸಮ. ಸಾರಿಗೆ, ಹುಳಿಗೆ, ಮೊಸರಿಗೆ ಮೂರು ಸಲ ಅನ್ನ ಹಾಕಿಸಿಕೊಂಡು, ಮಾವಿನಹಣ್ಣು ಬಂದಾಗ “ಅಯ್ಯೋ, ನನಗೆ ಶುಗರ್” ಎಂದು ಕೈ ಅಡ್ಡ ಹಿಡಿಯುವವರ ತರ್ಕ ನ್ಯಾಯಶಾಸ್ತ್ರದಲ್ಲಿ ಎಲ್ಲೂ ಕೂರುವುದಿಲ್ಲ. ಅಳೆದು ತಿನ್ನುವವರು ಮೊಸರಿನ ಅನ್ನ ಬಿಟ್ಟು ಅರ್ಧ ಹಣ್ಣು ತೆಗೆದುಕೊಳ್ಳುತ್ತಾರೆ, ಜ್ಯೂಸ್ ಮಾಡಿಸುವುದಿಲ್ಲ, ಎರಡು ಗಂಟೆ ಬಿಟ್ಟು ಬೆರಳು ಚುಚ್ಚಿ ನೋಡಿಕೊಳ್ಳುತ್ತಾರೆ. ಸಕ್ಕರೆ ಹತೋಟಿಯಲ್ಲಿಲ್ಲದವರಿಗೂ ಮೂತ್ರಪಿಂಡದ ತೊಂದರೆಯಿಂದ ಪೊಟ್ಯಾಸಿಯಂ ಕಡಿಮೆ ಮಾಡಬೇಕಾದವರಿಗೂ ಈ ಶಾಸ್ತ್ರದ ಅಧಿಕಾರವಿಲ್ಲ, ಅವರು ಡಾಕ್ಟರ ಮಾತು ಕೇಳಬೇಕು.

ಶಾಸ್ತ್ರದ ಕೊನೆಗೆ ಫಲಶ್ರುತಿ ಹೇಳುವುದು ವಾಡಿಕೆ. ಇದನ್ನು ಓದಿದವರಿಗೆ ಯಾವ ಫಲವೂ ಇಲ್ಲ. ಬೇಕಾದವರು ಪೇಟೆಗೆ ಹೋಗಬೇಕು. ಹೋದಾಗ ಬಣ್ಣ ನೋಡಿ ಮರುಳಾಗದೆ ತೊಟ್ಟಿನ ಬಳಿ ಮೂಸಿ ತನ್ನಿ, ತೊಳೆದು ತಿನ್ನಿ, ತಿಂದ ದಿನ ಅನ್ನ ಒಂದು ಹಿಡಿ ಕಡಿಮೆ ಬಡಿಸಿಕೊಳ್ಳಿ. ರಸಪುರಿ ಜೂನ್ ದಾಟಿದ ಮೇಲೆ ಹೆಚ್ಚು ದಿನ ಇರುವುದಿಲ್ಲ, ಆಮೇಲೆ ಬರುವ ನೀಲಂನ ಓಟೆಯಲ್ಲಿ ಹುಳು ಜಾಸ್ತಿ.