ಹತ್ತು ದಿನಕ್ಕೆ ಖೋಲಿ ಬೇಕೇ, ಸಾಹೇಬರೇ?

ಕರ್ನಾಟಕ ವಿಧಾನಮಂಡಲದ ಉಭಯ ಸದನಗಳ ಸನ್ಮಾನ್ಯ ಸದಸ್ಯರ ಪಾದಗಳಿಗೆ, ನಿಪ್ಪಾಣಿಯ ಒಬ್ಬ ಖೋಲಿ ಮಾಲೀಕನ ಸಾಷ್ಟಾಂಗ ನಮಸ್ಕಾರಗಳು.

ಡಿಸೆಂಬರ್ ಹತ್ತಿರ ಬಂತೆಂದರೆ ನಿಮ್ಮ ಸಂಕಟ ನೋಡಲಾಗುವುದಿಲ್ಲ. ಬೆಳಗಾವಿಯ ಅಧಿವೇಶನದಲ್ಲಿ ಏನು ಮಾತಾಡಬೇಕೆಂಬ ಚಿಂತೆ ನಿಮಗಿಲ್ಲ, ಅದು ಬಲ್ಲೆವು. ಎಲ್ಲಿ ಮಲಗಬೇಕೆಂಬುದೇ ಚಿಂತೆ. ಯಾವ ಬಡಾವಣೆಯ ಹೋಟೆಲು, ಅತಿಥಿಗೃಹ ಯಾರ ಪಾಲಿಗೆ, ಗನ್‌ಮ್ಯಾನ್ ಎಲ್ಲಿ, ಪಿಎ ಎಲ್ಲಿ. ಕಿಟಕಿ ತೆಗೆದರೆ ಧರಣಿ ಕೂತವರ ಮೈಕು ಕೇಳಿಸುವುದೇ. ಶುಕ್ರವಾರ ಮಧ್ಯಾಹ್ನ ಬ್ಯಾಗು ಎತ್ತಿದರೆ ಗೋವಾ ರಸ್ತೆ ಹತ್ತಲು ಎಷ್ಟು ಹೊತ್ತು. 2006ರಲ್ಲಿ ಕೆಎಲ್‌ಇ ಆವರಣದಲ್ಲಿ ಮೊದಲ ಸಲ ಸದನ ಕೂಡಿದಾಗಿನಿಂದ ಇದೇ ಪಾಡು. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರು ಬಂದು ಸುವರ್ಣ ವಿಧಾನಸೌಧ ಉದ್ಘಾಟಿಸಿ ಹೋದರು. ನಿಮಗೆ ಕೂಡ್ರಲು ಅರಮನೆ ಆಯಿತು, ಒರಗಲು ಗೋಡೆ ಆಗಲಿಲ್ಲ. ಶಾಸಕರ ಭವನ ಬೇಕೆಂಬ ಮಾತು ಅಧಿವೇಶನದ ಜೊತೆಗೇ ಬಂದು ಅಧಿವೇಶನದ ಜೊತೆಗೇ ಊರು ಬಿಡುವುದನ್ನು ವರ್ಷಗಟ್ಟಲೆ ನೋಡಿದ್ದೇವೆ. ಮಹಾರಾಷ್ಟ್ರದ ಶಾಸಕರಿಗೆ ನಾಗಪುರದಲ್ಲಿ ಆಮದಾರ ನಿವಾಸ ಇದೆಯಂತೆ. ಗಡಿ ವಿಷಯ ಬಂದಾಗ ಅವರಿಗಿಂತ ಒಂದು ಕೈ ಮೇಲಿರಬೇಕೆನ್ನುವ ನೀವು ಈ ವಿಷಯದಲ್ಲಿ ಮಾತ್ರ ಸೋತಿರಿ.

ಈ ತಾಪತ್ರಯವೇ ಇಲ್ಲದವರು ಇಬ್ಬರು. ಒಬ್ಬರು ಬಂದೋಬಸ್ತಿಗೆ ಬಂದ ಪೊಲೀಸರು. ಟೆಂಟಿನಲ್ಲಿ ಮಲಗೆಂದರೆ ಮಲಗಬೇಕು. ಇನ್ನೊಬ್ಬರು ಬೇಡಿಕೆ ಹೊತ್ತು ಬಂದವರು. ಅಂಗನವಾಡಿಯವರು, ಅತಿಥಿ ಉಪನ್ಯಾಸಕರು, ಕಬ್ಬಿನ ರೈತರು, ಯಾರೇ ಇರಲಿ, ಸುವರ್ಣ ಗಾರ್ಡನ್ನೋ ಕೊಂಡಸಕೊಪ್ಪದ ಗುಡ್ಡವೋ ಎಂದು ಸರಕಾರವೇ ಆರಿಸಿ, ಪೆಂಡಾಲು ತೋರಿಸಿ, ಹೋಗಿ ಕೂಡ್ರಿ ಎನ್ನುತ್ತದೆ. ಬಡಾವಣೆ ಆರಿಸುವ ಕಷ್ಟ ಬಡವರಿಗೆ ಎಂದೂ ಬಂದಿಲ್ಲ.

ಆದ್ದರಿಂದ ನನ್ನದೊಂದು ಅರ್ಜಿ. ಬೆಳಗಾವಿ ಬಿಡಿ, ನಿಪ್ಪಾಣಿಗೆ ಬನ್ನಿ. ಹೆದ್ದಾರಿ ಹಿಡಿದು ಕೊಲ್ಹಾಪುರದ ಕಡೆ ಸುಮಾರು 75 ಕಿಲೋಮೀಟರು, ಅಷ್ಟೇ. ‘ಗಡಿ ಜನರ ಜೊತೆ ನಾವಿದ್ದೇವೆ’ ಎನ್ನಲು ತಾನೇ ನೀವು ಪ್ರತಿವರ್ಷ ಇತ್ತ ಬರುವುದು? ಗಡಿ ಇಲ್ಲಿದೆ. ವಿಧಾನಸಭೆ 224, ಪರಿಷತ್ತು 75, ಒಟ್ಟು 299 ಜನ. ಒಂದೊಂದು ಮನೆಗೆ ಒಬ್ಬೊಬ್ಬರನ್ನು ಹಂಚಿಕೊಂಡರೆ ನಾಲ್ಕು ಓಣಿಗೂ ಸಾಲುವುದಿಲ್ಲ ನೀವು. ರೈಲಿನಲ್ಲಿ ಬರುತ್ತೇವೆ ಎನ್ನಬೇಡಿ, ನಿಪ್ಪಾಣಿಗೆ ರೈಲಿಲ್ಲ. ಮಳೆಗಾಲದಲ್ಲಿ ಸದನ ಕರೆಯಬೇಡಿ. ಯಮಗರ್ಣಿ ಹತ್ತಿರ ವೇದಗಂಗಾ ಉಕ್ಕಿದಾಗ ಹೆದ್ದಾರಿಯೇ ಮುಚ್ಚುತ್ತದೆ, 2019ರಲ್ಲೂ 2021ರಲ್ಲೂ ಮುಚ್ಚಿತ್ತು.

ಯಾವ ಭಾಗ ನಿಮಗೆ ಒಗ್ಗೀತು? ಶಾಂತ ಪರಿಸರ, ವಿದ್ಯಾವಂತರ ನೆರೆ ಬೇಕೆಂದರೆ ದೇವಚಂದ ಕಾಲೇಜಿನ ಬದಿ ಚೆಂದ. ಒಂದೇ ತೊಡಕು. ನಮ್ಮ ಹುಡುಗರು ಓದುವ ಆ ಕಾಲೇಜು ಇರುವ ಅರ್ಜುನನಗರ ಊರಿನ ಮಗ್ಗುಲಲ್ಲೇ ಇದ್ದರೂ ಕಾಗಲ ತಾಲೂಕು, ಕೊಲ್ಹಾಪುರ ಜಿಲ್ಲೆ. ಬೆಳಗಿನ ವಾಕಿಂಗಿಗೆ ಹೊರಟ ನೀವು ನಾಲ್ಕು ಹೆಜ್ಜೆ ಹೆಚ್ಚಿಗೆ ಹಾಕಿದರೆ ರಾಜ್ಯ ಬಿಟ್ಟಂತೆ. ಅದನ್ನು ನೋಡಿದವನೊಬ್ಬ ಫೋಟೊ ತೆಗೆದರೆ, ಮರುದಿನ ನಿಮ್ಮ ಪಕ್ಷದವರಿಗೇ ಉತ್ತರ ಹೇಳಬೇಕಾದೀತು.

ಹೆದ್ದಾರಿ ಬದಿಗೆ ಇರುತ್ತೇವೆ ಎಂದರೂ ಆದೀತು. ಅಲ್ಲಿ ತಾತ್ಕಾಲಿಕ ವಾಸ್ತವ್ಯ ಮಾಡಿದವರಲ್ಲಿ ನೀವು ಮೊದಲಿಗರಲ್ಲ. 1981ರ ಮಾರ್ಚಿನಲ್ಲಿ ತಂಬಾಕಿಗೆ ಬೆಲೆ ಕೇಳಿ ಸಾವಿರಾರು ರೈತರು ತಮ್ಮ ಮುಂದಾಳು ಶರದ ಜೋಶಿಯವರ ಜೊತೆ ಅದೇ ರಸ್ತೆ ಮೇಲೆ ಬಿಡಾರ ಹೂಡಿದ್ದರು. ಎತ್ತು, ಬಂಡಿ, ರೊಟ್ಟಿಗಂಟು ಸಮೇತ ಮೂರು ವಾರಕ್ಕೂ ಹೆಚ್ಚು. ಮುಂದಾಳು ಮಹಾರಾಷ್ಟ್ರದವರು, ಕೂತ ನೆಲ ಕರ್ನಾಟಕದ್ದು. ಯಾವ ರಾಜ್ಯದ ರೈತನೆಂದು ಅಲ್ಲಿ ಯಾರೂ ಯಾರನ್ನೂ ಕೇಳಲಿಲ್ಲ. ಏಪ್ರಿಲ್ 6ರಂದು ಗೋಲಿಬಾರ್ ಮಾಡಿ ಸರಕಾರ ಜಾಗ ಖಾಲಿ ಮಾಡಿಸಿತು, ರೈತರ ಜೀವ ಹೋಯಿತು. ನಿಮಗೆ ಅಂಥ ಭಯ ಬೇಡ. ನಿಮ್ಮನ್ನು ಖಾಲಿ ಮಾಡಿಸಲು ನಮ್ಮ ಹತ್ತಿರ ಐದು ವರ್ಷಕ್ಕೊಂದು ಚೀಟಿಯಷ್ಟೇ ಇದೆ.

ಆದರೆ ನನ್ನ ಶಿಫಾರಸು ಬೀಡಿ ಕಟ್ಟುವವರ ಓಣಿ. ನನ್ನ ಖೋಲಿಯೂ ಅಲ್ಲೇ ಇದೆ, ಅದಕ್ಕೇ ಹೇಳುತ್ತಿದ್ದೇನೆಂದು ತಿಳಿದರೂ ಬೇಸರವಿಲ್ಲ. ಬಂದ ಮೊದಲ ದಿನ ತಂಬಾಕಿನ ವಖಾರಿಯ ಧೂಳಿಗೆ ಸೀನು ಬರುತ್ತದೆ, ಸದನದಲ್ಲಿ ಅದನ್ನು ಕಣ್ಣೀರೆಂದು ತೋರಿಸಲು ಅಡ್ಡಿಯಿಲ್ಲ. ಎದುರುಕಟ್ಟೆಯ ಮೇಲೆ ಮಾವಶಿಯೊಬ್ಬರು ತೊಡೆಯ ಮೇಲೆ ಮೊರ ಇಟ್ಟುಕೊಂಡು ಕೂತಿರುತ್ತಾರೆ. ರಾತ್ರಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ಎಲೆ, ಅದರ ಮೇಲೆ ತಗಡಿನ ಅಳತೆ ಇಟ್ಟು ಕತ್ತರಿ ಆಡಿಸುವುದು, ಚಿಟಿಕೆ ತಂಬಾಕು ಉದುರಿಸಿ ಸುರುಳಿ ಸುತ್ತುವುದು, ಉಗುರಿನಿಂದ ಬಾಯಿ ಮಡಚುವುದು, ದಾರದ ಒಂದು ಗಂಟು. ಕೈ ನೋಡಬೇಕು ನೀವು, ಕಣ್ಣು ಮೊರದ ಕಡೆ ಇರುವುದೇ ಇಲ್ಲ. ಓಣಿಯಲ್ಲಿ ಯಾರು ಬಂದರು ಯಾರು ಹೋದರು ಎಲ್ಲ ಲೆಕ್ಕ ಇಡುತ್ತಲೇ ಕೈ ಓಡುತ್ತಿರುತ್ತದೆ. ಸಭಾಧ್ಯಕ್ಷರು ಗದ್ದಲದಿಂದಾಗಿ ಸದನವನ್ನು ಕಾಲು ತಾಸು ಮುಂದೂಡಿದರೆ ಇಲ್ಲಿ ಇಪ್ಪತ್ತೈದು ಬೀಡಿಯ ಒಂದು ಕಟ್ಟು ತಯಾರು. ಸರಿಯಿಲ್ಲವೆಂದು ತೆಗೆದೊಗೆದ ಬೀಡಿಗೆ ಮಜೂರಿ ಇಲ್ಲ. ನಿಮ್ಮ ಭಾಷಣಕ್ಕೂ ಇದೇ ಕಾನೂನು ತಂದರೆ ಭತ್ಯೆಯಲ್ಲಿ ಖಜಾನೆಗೆ ಒಳ್ಳೇ ಉಳಿತಾಯ.

ನೀವು ಬರುವ ವಿಷಯ ಮಾವಶಿಗೆ ಹೇಳಿದೆ. “ಹತ್ತ ದಿನಾ ಇದ್ದ ಹೋಗೂ ಮಂದಿಗೆ ನಳದ ಪಾಳಿ ಎಲ್ಲಿಂದ ಕೊಡೂದ್ರಿ? ರೇಶನ್ ಕಾರ್ಡ್ ಐತೇನ ಕೇಳ್ರಿ ಮೊದಲ,” ಎಂದರು. ಆಮೇಲೆ ಕೊರಳು ತಗ್ಗಿಸಿ, “ಮರಾಠಿ ಬರತೈತೇನ ಅವರಿಗೆ?” ಎಂದೂ ಕೇಳಿದರು. ಬಾರದಿದ್ದರೆ ಒಳ್ಳೆಯದು, ಬೈದರೆ ತಿಳಿಯುವುದಿಲ್ಲ ಎಂಬುದು ಅವರ ಕಾಳಜಿ.

ಇನ್ನು ಕರಾರುಪತ್ರ. ನಮ್ಮಲ್ಲೂ ಹನ್ನೊಂದು ತಿಂಗಳದ್ದೇ ರೂಢಿ; ಆದರೆ ಊರಿನ ಕರಾರು ನೋಡಿದರೆ ನನಗೇ ಗೊಂದಲ. 1956ರಲ್ಲಿ ರಾಜ್ಯಗಳ ಗಡಿ ಬದಲಾದಾಗಿನಿಂದ ನಾವು ಇತ್ತ ಇದ್ದೇವೆ. ನೀವು ಸದನದಲ್ಲಿ ಎದ್ದು ‘ಮಹಾಜನ ವರದಿಯೇ ಅಂತಿಮ’ ಎಂದು ಮೇಜು ಕುಟ್ಟಿದಾಗಲೆಲ್ಲ ಟಿವಿ ಮುಂದೆ ನಾವೂ ಚಪ್ಪಾಳೆ ಹೊಡೆಯುತ್ತೇವೆ. ಸಾಹೇಬರೇ, ಗಡಿ ಆಯೋಗದ 1967ರ ಆ ವರದಿಯನ್ನು ತಮ್ಮಲ್ಲಿ ಯಾರಾದರೂ ಓದಿದ್ದುಂಟೇ? ಬೆಳಗಾವಿ ಕರ್ನಾಟಕಕ್ಕೆ ಎಂದವರು ಮಹಾಜನರೇ ಹೌದು. ನಿಪ್ಪಾಣಿ ಮಹಾರಾಷ್ಟ್ರಕ್ಕೆ ಎಂದವರೂ ಅವರೇ. 2022ರ ಡಿಸೆಂಬರಿನಲ್ಲಿ ಬೆಳಗಾವಿಯ ಸದನ ಒಂದಿಂಚು ನೆಲವನ್ನೂ ಕೊಡೆವೆಂದು ನಿರ್ಣಯ ಮಾಡಿತು. ಒಂದು ವಾರದೊಳಗೆ ನಾಗಪುರದಲ್ಲಿ ಕೂಡಿದ ಮಹಾರಾಷ್ಟ್ರದ ಸದನ ನಿಪ್ಪಾಣಿ ಸೇರಿ 865 ಊರು ತಮ್ಮವೆಂದಿತು. ಒಂದಿಂಚೂ ಕೊಡಬಾರದು, ವರದಿಯೂ ಅಂತಿಮವಾಗಬೇಕು! ಎರಡೂ ನಡೆದರೆ ನಾನು ಮನೆಪಟ್ಟಿ ಯಾರಿಗೆ ಕಟ್ಟಲಿ? 1997ರಲ್ಲಿ ಹೊಸ ಜಿಲ್ಲೆಗಳ ಪಟ್ಟಿಯಲ್ಲಿ ನಮ್ಮ ಚಿಕ್ಕೋಡಿಯ ಹೆಸರು ಬಂದು ಅಳಿಸಿಹೋದಾಗ ಇಷ್ಟು ಗಾಬರಿಯಾಗಿರಲಿಲ್ಲ. ವರದಿಯ ವಿಷಯ ಮಾವಶಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಎರಡೂ ಕಡೆಯ ರೇಶನ್ ಕಾರ್ಡ್ ಕೇಳುತ್ತಾರೆ.

ಸಂಜೆ ಹೊತ್ತು ಹೋಗದಿದ್ದರೆ ಗಡಿಯಂಚಿನ ಕೊಗನೊಳಿಯವರೆಗೆ ಹೋಗಿಬರಬಹುದು. ನಮ್ಮ ಕಡೆ ಪೆಟ್ರೋಲು ಅಗ್ಗವೆಂದು ಅತ್ತಣ ಬೈಕುಗಳು ಬರುತ್ತವೆ, ಇತ್ತಣ ರೋಗಿಗಳು ಕೊಲ್ಹಾಪುರದ ದವಾಖಾನೆಗೆ ಹೋಗುತ್ತಾರೆ. ಗಡಿ ಗದ್ದಲ ಎದ್ದಾಗ ಮಾತ್ರ ಬಸ್ಸುಗಳು ಮೂತಿ ತಿರುಗಿಸುತ್ತವೆ, ಮದುವೆಗೆ ಹೊರಟವರು ಕೂಸು ಕಂಕುಳಲ್ಲಿ, ಗಂಟು ತಲೆ ಮೇಲೆ ಇಟ್ಟುಕೊಂಡು ಟೋಲ್ ನಾಕಾ ದಾಟಿ ಆಚೆಯ ಬಸ್ಸು ಹಿಡಿಯುತ್ತಾರೆ. ಆ ದಿನ ನೀವು ಅಲ್ಲಿದ್ದರೆ ಒಂದು ಗಂಟು ಹಿಡಿದುಕೊಳ್ಳಿ, ಕಾರು ಹೇಗೂ ಮುಂದೆ ಬಿಡುವುದಿಲ್ಲ.

ಬಾಡಿಗೆಯ ಶರತ್ತುಗಳು: ನಳ ಬಂದಾಗ ಕೊಡ ತುಂಬುವುದು ಬಾಡಿಗೆದಾರರ ಜವಾಬ್ದಾರಿ, ಗನ್‌ಮ್ಯಾನ್ ಕೈಯಲ್ಲಿ ತುಂಬಿಸುವಂತಿಲ್ಲ. ರಾತ್ರಿ ಹತ್ತರ ಮೇಲೆ ಪಕ್ಷ ಬದಲಿಸುವಂತಿಲ್ಲ, ಗೋಡೆ ತೆಳ್ಳಗಿದೆ, ನೆರೆಯವರಿಗೆ ಕೇಳಿಸುತ್ತದೆ. ಡಿಪಾಜಿಟ್ ನಗದು, ಹಿಂದಿನ ಚುನಾವಣೆಯ ಭರವಸೆಗಳನ್ನು ಡಿಪಾಜಿಟ್ಟಿಗೆ ಹಿಡಿಯಲಾಗುವುದಿಲ್ಲ.

ಇಂತಿ ತಮ್ಮ ವಿಧೇಯ,
ಖೋಲಿ ಮಾಲೀಕ, ನಿಪ್ಪಾಣಿ

ತಾ.ಕ.: ಮಹಾರಾಷ್ಟ್ರದ ಮಾನ್ಯ ಆಮದಾರರಿಗೂ ಇದೇ ದರ. ನಾಗಪುರ ನಮಗೆ ಬೆಂಗಳೂರಿಗಿಂತ ದೂರ, ಆದರೂ ನಮ್ಮ ಮೇಲೆ ಅವರಿಗಿರುವ ಪ್ರೀತಿ ನಿಮಗಿಂತ ಕಡಿಮೆಯಲ್ಲ. ಕೊಗನೊಳಿಯಲ್ಲಿ ಪೊಲೀಸರು ತಡೆದರೆ ‘ಖೋಲಿ ನೋಡಲು ಬಂದಿದ್ದೇವೆ’ ಎನ್ನಬೇಕು, ನಿರ್ಣಯದ ಪ್ರತಿ ತೋರಿಸಬಾರದು.