ಹೆಣ್ಣಿನ ತಂದೆಯ ಎರಡು ಮಾತು

ಬೆಂಗಳೂರಿನ ಪಶ್ಚಿಮದ ಬಡಾವಣೆಗಳಲ್ಲಿ, ರಾಜಾಜಿನಗರದಿಂದ ಹಿಡಿದು ವಿಜಯನಗರ, ಬಸವೇಶ್ವರನಗರಗಳನ್ನು ದಾಟಿ ಕೆಂಗೇರಿ ಉಪನಗರದವರೆಗೆ, ಆಷಾಢ ಮತ್ತು ಪುಷ್ಯ ಮಾಸಗಳನ್ನು ಬಿಟ್ಟು ಉಳಿದೆಲ್ಲ ಕಾಲದಲ್ಲೂ ಕಾಣಸಿಗುವ ಒಂದು ಬಗೆಯ ಗೃಹಸ್ಥನನ್ನು 'ಭಾಷಣಕ್ಕೆ ಸಿಕ್ಕಿಬಿದ್ದ ಹೆಣ್ಣಿನ ತಂದೆ' ಎಂದು ವರ್ಗೀಕರಿಸಬಹುದು. ಮೈಸೂರು ರಸ್ತೆಯ ಬಿಎಚ್‌ಇಎಲ್ ಕಾರ್ಖಾನೆಯಿಂದಲೋ ಯಾವುದಾದರೂ ಸರ್ಕಾರಿ ಕಚೇರಿಯಿಂದಲೋ ನಿವೃತ್ತನಾಗಿ, ಮೂವತ್ತು–ನಲವತ್ತರ ಸೈಟಿನಲ್ಲಿ ಮನೆ ಕಟ್ಟಿ ಮೇಲಿನ ಮಹಡಿಯನ್ನು ಬಾಡಿಗೆಗೆ ಕೊಟ್ಟಿರುವ ಈತ ಛತ್ರದ ಮುಂಗಡ, ಅಡುಗೆಯವರ ಪಟ್ಟಿ, ಬೀಗರ, ಎಂದರೆ ಗಂಡಿನ ಕಡೆಯ ಸಂಬಂಧಿಕರ, ಉಪಚಾರ ಇವೆಲ್ಲವನ್ನೂ ನಿಭಾಯಿಸಬಲ್ಲನಾದರೂ, ಆರತಕ್ಷತೆಯ ಸಂಜೆ ತನ್ನ ಬಗ್ಗೆ 'ಮನಸ್ಸು ಬಿಚ್ಚಿ ಎರಡು ಮಾತಾಡು ಅಪ್ಪಾ' ಎಂದು ಮಗಳು ಹೇಳಿದೊಡನೆ ಕೈಕಾಲು ಬಿಡುತ್ತಾನೆ.

ಇದು ಅವನೊಬ್ಬನ ದೌರ್ಬಲ್ಯವಲ್ಲ. ಕನ್ನಡನಾಡಿನ ಮದುವೆಯ ಶಾಸ್ತ್ರಗಳಲ್ಲಿ ಹೆಣ್ಣಿನ ತಂದೆಗೆ ಕೈತುಂಬ ಕೆಲಸವಿದೆ, ಸ್ವಂತ ಮಾತಿಗೆ ಮಾತ್ರ ಜಾಗವಿಲ್ಲ. ಧಾರೆ, ಎಂದರೆ ವಧೂವರರ ಕೂಡಿಸಿದ ಕೈಗಳ ಮೇಲೆ ಹೆಣ್ಣಿನ ತಂದೆತಾಯಿ ನೀರೆರೆಯುವ ವಿಧಿ, ನಡೆಯುವಾಗ ಅವನು ಪುರೋಹಿತರು ಹೇಳಿಕೊಟ್ಟದ್ದನ್ನು ಹೇಳಿದರೆ ಸಾಕು. ಮಾಂಗಲ್ಯಧಾರಣೆಯ ಹೊತ್ತಿಗೆ ಗಟ್ಟಿಮೇಳ ಮೊಳಗುವುದರಿಂದ ಅವನ ಗಂಟಲು ಕಟ್ಟಿದ್ದು ಪಕ್ಕದಲ್ಲಿ ನಿಂತ ಹೆಂಡತಿಗೂ ಕೇಳಿಸುವುದಿಲ್ಲ. ಮಗಳನ್ನು ಅತ್ತೆಮಾವಂದಿರ ಕೈಗೆ ಒಪ್ಪಿಸುವ ಶಾಸ್ತ್ರದಲ್ಲಿ ಹಾಡುವವರೂ ಅಳುವವರೂ ಹೆಂಗಸರು. ತಂದೆ ಆ ಹೊತ್ತಿಗೆ ಛತ್ರದ ಮ್ಯಾನೇಜರನೊಂದಿಗೆ ಕರೆಂಟಿನ ಮೀಟರ್ ಓದಿಸುವ ನೆಪದಲ್ಲಿ ಕಂಬದ ಹಿಂದೆ ಮರೆಯಾಗಿರುತ್ತಾನೆ. 1955ರ ಹಿಂದೂ ವಿವಾಹ ಕಾಯ್ದೆಯೂ ಸಪ್ತಪದಿಯಿರುವ ಮದುವೆಯಲ್ಲಿ ಏಳನೆಯ ಹೆಜ್ಜೆಯೊಂದಿಗೆ ವಿವಾಹ ಪೂರ್ಣವಾಯಿತೆನ್ನುತ್ತದೆಯೇ ಹೊರತು ಮಾವನ ಭಾಷಣದ ಪ್ರಸ್ತಾಪವನ್ನೇ ಎತ್ತುವುದಿಲ್ಲ. ಕುವೆಂಪು ರೂಪಿಸಿದ, 1966ರಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆ ನಡೆದ ಸರಳ ಪದ್ಧತಿಯಾದ ಮಂತ್ರಮಾಂಗಲ್ಯದಲ್ಲಿ ಮಾತಿಗೇ ಪ್ರಾಧಾನ್ಯವಾದರೂ, ಅಲ್ಲಿ ಓದಲು ಪಠ್ಯ ಸಿದ್ಧವಾಗಿರುತ್ತದೆ. ಹೆಣ್ಣಿನ ತಂದೆಯ ಭಾಷಣವೆಂಬ ಈ ಪ್ರಕಾರಕ್ಕೆ ಪೂರ್ವಸೂರಿಯೆಂದು ಹೇಳಬಹುದಾದವನು ಕಣ್ವ ಮಹರ್ಷಿಯೊಬ್ಬನೇ: ಕಾಳಿದಾಸನ ಶಾಕುಂತಲದ ನಾಲ್ಕನೆಯ ಅಂಕದಲ್ಲಿ, ಎಂದರೆ ಬಸವಪ್ಪ ಶಾಸ್ತ್ರಿಗಳು (1843–1891) ಕನ್ನಡಕ್ಕೆ ತಂದ ಆ ನಾಟಕದ ಅತ್ಯಂತ ಪ್ರಸಿದ್ಧ ಭಾಗದಲ್ಲಿ, ಸಾಕುಮಗಳನ್ನು ಬೀಳ್ಕೊಡುತ್ತ ಅವನು ಆಶ್ರಮದ ಗಿಡಮರಗಳನ್ನೂ ಉದ್ದೇಶಿಸಿ ಮಾತಾಡಿದ. ಆದರೆ ಅವನಿಗಿದ್ದ ಅನುಕೂಲವನ್ನು ಮರೆಯಬಾರದು. ಗಿಡಮರಗಳಿಗೆ ಊಟದ ಅವಸರವಿರಲಿಲ್ಲ.

ಮಾದರಿಯಿಲ್ಲದ ತಂದೆ ತನಗೆ ಗೊತ್ತಿರುವ ಮಾದರಿಯನ್ನೇ ಹಿಡಿಯುತ್ತಾನೆ. ಮೂವತ್ತು ವರ್ಷಗಳ ಸೇವೆಯಲ್ಲಿ ಅವನು ಕೇಳಿದ, ಕೆಲವೊಮ್ಮೆ ತಾನೇ ಮಾಡಿದ ಭಾಷಣಗಳೆಂದರೆ ಕಚೇರಿಯ ರಾಜ್ಯೋತ್ಸವದವು ಮತ್ತು ನಿವೃತ್ತರ ಬೀಳ್ಕೊಡುಗೆಯವು. ಹೀಗಾಗಿ ಎಲ್‌ಐಸಿ ಡೈರಿಯ ಖಾಲಿ ಪುಟಗಳಲ್ಲಿ ಮೂಡುವ ಮೊದಲ ಕರಡು 'ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ' ಎಂದು ಆರಂಭವಾಗಿ, ವೇದಿಕೆಯ ಮೇಲೆ ಆಸೀನರಾಗಿರುವವರು ಮಗಳು ಮತ್ತು ಅಳಿಯ ಇಬ್ಬರೇ ಎಂಬುದನ್ನು ಗಮನಿಸದೆ ಮುಂದುವರಿದು, ಮಗಳು ಸರಳ ಸ್ವಭಾವದವಳು, ಸಮಯಪಾಲನೆಗೆ ಹೆಸರಾದವಳು, ತನ್ನ ಅವಧಿಯಲ್ಲಿ ಯಾವ ಕಪ್ಪುಚುಕ್ಕೆಗೂ ಅವಕಾಶ ಕೊಡದವಳು ಎಂದು ಪ್ರಮಾಣೀಕರಿಸಿ, ಮುಂದಿನ ಜೀವನಕ್ಕೆ ಆಯುರಾರೋಗ್ಯ ಕೋರಿ ಮುಗಿಯುತ್ತದೆ. ಹಾರ ಮತ್ತು ಹಣ್ಣಿನ ಬುಟ್ಟಿಯೊಂದು ಬಾಕಿ.

ಕಚೇರಿಯ ಕನ್ನಡಕ್ಕೆ ಕರ್ತೃವಿಲ್ಲದ ವಾಕ್ಯಗಳ ಮೇಲೆ ಇರುವ ಪ್ರೀತಿ ಈ ಕರಡಿನಲ್ಲಿ ಎದ್ದುಕಾಣುತ್ತದೆ. ಮಗಳು ಎರಡನೇ ಪಿಯುಸಿಯಲ್ಲಿದ್ದಾಗ ಅವನು ವರ್ಷವಿಡೀ ಹಾವನೂರು ಸರ್ಕಲ್ ಹತ್ತಿರದ ಟ್ಯೂಷನ್ನಿನ ಎದುರು, ರಾತ್ರಿ ಎಂಟೂವರೆಗೆ ಮುಗಿಯುವ ತರಗತಿಗೆ ಎಂಟಕ್ಕೇ ಹೋಗಿ, ಮುಚ್ಚಿದ ಅಂಗಡಿಯ ಸೂರಿನಡಿ ಸ್ಕೂಟರ್ ನಿಲ್ಲಿಸಿಕೊಂಡು, ಮಳೆ ಬಂದರೆ ಇದ್ದೊಂದು ರೇನ್‌ಕೋಟನ್ನು ಅವಳಿಗಾಗಿ ಸೀಟಿನ ಕೆಳಗೇ ಇಟ್ಟು ತಾನು ನೆನೆಯುತ್ತ ಕಾದವನು. ಡೈರಿಯಲ್ಲಿ ಇದು 'ವಿದ್ಯಾಭ್ಯಾಸಕ್ಕೆ ಅಗತ್ಯವಾದ ಎಲ್ಲ ಸೌಲಭ್ಯಗಳನ್ನು ಒದಗಿಸಲಾಯಿತು' ಎಂಬ ರೂಪ ತಾಳುತ್ತದೆ.

ಆಮೇಲೆ ತಿದ್ದುಪಡಿಗಳು. 'ರೀ, ನಮ್ಮಣ್ಣನ ಹೆಸರೇ ಇಲ್ವಲ್ರೀ' ಎಂದು ಹೆಂಡತಿ ನೆನಪಿಸುತ್ತಾಳೆ. ವಧುವನ್ನು ಮಂಟಪಕ್ಕೆ ಕರೆತರುವ ಹಕ್ಕುಳ್ಳ ಸೋದರಮಾವನನ್ನು ಬಿಟ್ಟರೆ ಆಗುವ ಅನಾಹುತವನ್ನು ಬಲ್ಲ ತಂದೆ ಅವನನ್ನು ಸೇರಿಸುತ್ತಾನೆ. ಅವನೊಬ್ಬನನ್ನು ಸೇರಿಸಿದ ಮೇಲೆ ಚಿಕ್ಕಪ್ಪಂದಿರನ್ನು ಬಿಡುವಂತಿಲ್ಲ. ಇಷ್ಟರಲ್ಲಿ ತಂಗಿಯ ಮಗ ಮೊಬೈಲಿನಲ್ಲಿ ಕ್ಷಣಾರ್ಧದಲ್ಲಿ ಬರೆಸಿ ತಂದ ಭಾಷಣವೊಂದು ಮಗಳನ್ನು ಅಪ್ಪನ ಪುಟ್ಟ ರಾಜಕುಮಾರಿ ಎಂದು ಕರೆದದ್ದರಿಂದ, ತಾನು ಯಾವ ಸೀಮೆಯ ರಾಜ ಎಂದು ಕೇಳಿ ತಂದೆ ಅದನ್ನು ತಿರಸ್ಕರಿಸುತ್ತಾನೆ. ಇದು ಇಡೀ ಪ್ರಕರಣದಲ್ಲಿ ಅವನು ತೋರುವ ಏಕೈಕ ಸಾಹಿತ್ಯ ವಿವೇಕವೆನ್ನಬೇಕು.

ಬೆಂಗಳೂರಿನ ಬಹುಪಾಲು ಮದುವೆಗಳಲ್ಲಿ ಆರತಕ್ಷತೆ ಮುಹೂರ್ತದ ಹಿಂದಿನ ಸಂಜೆಯೇ ನಡೆಯುವುದರಿಂದ, ಇನ್ನೂ ಮದುವೆಯಾಗದ ಮಗಳನ್ನು ಮಾತಿನಲ್ಲಿ ಬೀಳ್ಕೊಡಬೇಕಾದ ವಿಚಿತ್ರ ಸಂದರ್ಭ ತಂದೆಗೆ ಒದಗುತ್ತದೆ. ಮುಯ್ಯಿಯ, ಎಂದರೆ ಉಡುಗೊರೆ ಹಣದ, ಕವರು ಹಿಡಿದವರ ಸಾಲು ವೇದಿಕೆಯ ಮೆಟ್ಟಿಲಿನಿಂದ ಬಾಗಿಲವರೆಗೆ ಬೆಳೆದಿರುತ್ತದೆ; ಅತ್ತ ಊಟದ ಮನೆಯಲ್ಲಿ ಉಣ್ಣುತ್ತಿರುವವರ ಕುರ್ಚಿಗಳ ಹಿಂದೆ ಮುಂದಿನ ಪಂಕ್ತಿಯವರು ಕಾವಲು ನಿಂತಿರುತ್ತಾರೆ. ಆರ್ಕೆಸ್ಟ್ರಾದವನಿಂದ ಮೈಕ್ ಪಡೆದ ತಂದೆ ಗಣ್ಯರನ್ನು ಸಂಬೋಧಿಸಿ ಮುಗಿಸುವಷ್ಟರಲ್ಲಿ ಆ ಮೈಕ್ ಅವನ ಕೈಯಿಂದ ಜಾರಿ, ಕೆಎ 02 ನೋಂದಣಿಯ ಬಿಳಿ ಕಾರೊಂದು ಗೇಟಿಗೆ ಅಡ್ಡ ನಿಂತಿದೆಯೆಂಬ ಪ್ರಕಟಣೆ ಹೊರಡುತ್ತದೆ. ರಾಜಾಜಿನಗರದ ಆರ್‌ಟಿಒ ಕಚೇರಿಯ ಸಂಕೇತವಾದ ಕೆಎ 02 ಈ ಭಾಗದ ಅರ್ಧದಷ್ಟು ವಾಹನಗಳ ಮೇಲಿರುವುದರಿಂದ, ಪೂರ್ತಿ ಸಂಖ್ಯೆ ಕೇಳುವ ಮೊದಲೇ ಸಭೆಯ ಅರ್ಧ ಭಾಗ ಎದ್ದು ಹೊರಡುತ್ತದೆ.

ಈ ಗದ್ದಲದ ನಡುವೆ, ಕೈಯಲ್ಲಿ ಮೈಕ್ ಇಲ್ಲದ, ಕನ್ನಡಕವನ್ನು ಜೇಬಿಗಿಳಿಸಿದ ತಂದೆ ಮಗಳ ಕಡೆ ಬಾಗಿ, 'ಟ್ಯೂಷನ್ ಹತ್ರ ಕಾಯ್ತಾ ನಿಂತಿರ್ತಿದ್ನಲ್ಲ ಪುಟ್ಟಿ, ನಂಗೆ ಒಂದಿನಾನೂ ಬೇಜಾರಾಗ್ಲಿಲ್ಲ ಕಣೆ' ಎನ್ನುತ್ತಾನೆ. ಮಗಳ ಕಣ್ಣಿನ ಕಾಡಿಗೆ ಕದಡುತ್ತದೆ, ಬ್ಯೂಟಿಪಾರ್ಲರಿನವಳು ಟಿಶ್ಯೂ ಹಿಡಿದು ಓಡಿಬರುತ್ತಾಳೆ. ಅದೇ ಹೊತ್ತಿಗೆ ಬ್ಯಾಟರಿ ಬದಲಿಸುತ್ತಿದ್ದ ವಿಡಿಯೊದವನು ತಲೆಯೆತ್ತಿ, 'ಸಾರ್, ಇನ್ನೊಂದ್ಸಲ ಹೇಳ್ಬಿಡಿ, ತಗೊಂಡ್ಬಿಡ್ತೀನಿ' ಎಂದು ಕೋರುತ್ತಾನೆ. ತಂದೆ ಕನ್ನಡಕ ಏರಿಸಿ, ಮೈಕನ್ನು ಮರಳಿ ಪಡೆದು, ಡೈರಿಯ ಹಾಳೆಯನ್ನು ಬಿಡಿಸಿ, ವಿದ್ಯಾಭ್ಯಾಸಕ್ಕೆ ಅಗತ್ಯವಾದ ಎಲ್ಲ ಸೌಲಭ್ಯಗಳನ್ನು ಒದಗಿಸಲಾಯಿತು ಎಂದು ಸ್ಪಷ್ಟ ಧ್ವನಿಯಲ್ಲಿ ಓದುತ್ತಾನೆ. ಮದುವೆಯ ವಿಡಿಯೊದಲ್ಲಿ ಉಳಿಯುವುದು ಅದೇ. ಕೊನೆಗೆ ಹಾಳೆಯಲ್ಲಿಲ್ಲದ 'ದಯವಿಟ್ಟು ಎಲ್ಲರೂ ಊಟ ಮಾಡಿಕೊಂಡೇ ಹೋಗಬೇಕು' ಎಂಬ ಮಾತಿಗೆ ಭಾರಿ ಚಪ್ಪಾಳೆ ಬೀಳುತ್ತದೆ.